ಎರಡು ಏರ್‌ಪೋರ್ಟ್‌ಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತು: ನಾನು ಲೆಕ್ಕ ಹಾಕುವ ರೀತಿ

"ಅಲ್ಲಿಗೆ ಎಷ್ಟು ಗಂಟೆ ಆಗುತ್ತೆ?"

ವಾರಕ್ಕೆ ಮೂರ್ನಾಲ್ಕು ಸಲವಾದರೂ ಯಾರಾದರೂ ನನ್ನ ಮೇಜಿನ ಹತ್ತಿರ ಬಂದು ಹೀಗೆ ಕೇಳುತ್ತಾರೆ. ಆಫೀಸಿನವರ ವಿಮಾನ ಪ್ರಯಾಣ ನೋಡಿಕೊಳ್ಳುವ ಕೆಲಸ ನನ್ನದು. ಹನ್ನೊಂದು ವರ್ಷವಾಯಿತು. ಮೊದಮೊದಲು ತಟ್ಟನೆ ಒಂದು ಸಂಖ್ಯೆ ಹೇಳಿಬಿಡುತ್ತಿದ್ದೆ. ಈಗ ನಾನೇ ತಿರುಗಿ ಕೇಳುತ್ತೇನೆ: "ಯಾವ ಗಂಟೆ?" ಕೇಳಿದವರ ಮುಖ ಸಪ್ಪೆಯಾಗುತ್ತದೆ. ಏನು ಮಾಡಲಿ, ಗಂಟೆಗಳು ಮೂರು ಥರ ಇವೆ. ಚಕ್ರ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನದು ಒಂದು. ವಿಮಾನ ಗೇಟ್ ಬಿಟ್ಟಾಗಿನಿಂದ ಇನ್ನೊಂದು ಊರಿನ ಗೇಟ್ ಸೇರುವವರೆಗಿನದು ಎರಡನೆಯದು. ಟಿಕೆಟ್ ಮೇಲೆ ಅಚ್ಚಾದ ಎರಡು ಊರಿನ ಗಡಿಯಾರಗಳ ನಡುವಿನ ಅಂತರ ಮೂರನೆಯದು. ಜನ ಎಡವುವುದೆಲ್ಲ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟುಕೊಂಡಾಗ.

ದೂರ ಹಾಗಲ್ಲ. ಅದು ಹೆಚ್ಚು ಕಡಿಮೆ ಒಂದೇ ಸಂಖ್ಯೆ. ಹಾಗಾಗಿ ದೂರದಿಂದ ಶುರು ಮಾಡೋಣ.

ಮೊದಲು ಏರ್‌ಪೋರ್ಟ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಊರಿನ ಹೆಸರನ್ನು ನಂಬಬೇಡಿ, ಮೂರು ಅಕ್ಷರದ ಕೋಡ್ ನೋಡಿ. ಸಿಡ್ನಿ ಅಂದರೆ ಆಸ್ಟ್ರೇಲಿಯಾದ್ದು ಎಸ್‌ವೈಡಿ. ಕೆನಡಾದ ನೋವಾ ಸ್ಕೋಷಿಯಾದಲ್ಲೂ ಒಂದು ಸಿಡ್ನಿ ಇದೆ, ಅದು ವೈಕ್ಯೂವೈ. ಮೊದಲನೆಯದಕ್ಕೆ ಹೋಗಬೇಕಾದವರು ಎರಡನೆಯದರಲ್ಲಿ ಇಳಿದದ್ದು ನಿಜವಾಗಿಯೂ ನಡೆದಿದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲಿದ್ದರೆ ಎಸ್‌ಜೆಸಿ, ಕೋಸ್ಟರಿಕಾದಲ್ಲಿದ್ದರೆ ಎಸ್‌ಜೆಒ. ಒಂದೇ ಅಕ್ಷರದ ವ್ಯತ್ಯಾಸ.

ಇನ್ನು ದೊಡ್ಡ ಊರುಗಳಿಗೆ ಒಂದಲ್ಲ, ನಾಲ್ಕೈದು ಏರ್‌ಪೋರ್ಟ್ ಇರುತ್ತವೆ. ಲಂಡನ್ನಿಗೆ ಹೀತ್ರೂ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್, ಸಿಟಿ ಹೀಗೆ ಸಾಲು. 'ಎಲ್‌ಒಎನ್' ಅಂತ ಕಂಡರೆ ಅದು ಏರ್‌ಪೋರ್ಟ್ ಕೋಡ್ ಅಲ್ಲ, ಇಡೀ ಊರಿನ ಕೋಡ್. ಟೋಕಿಯೋದಲ್ಲಿ ಹನೇಡ ಊರಿಗೆ ಅಂಟಿಕೊಂಡಿದೆ, ನರೀಟಾ ಊರ ನಡುವಿನಿಂದ ಸುಮಾರು 60 ಕಿ.ಮೀ. ಆಚೆ ಇದೆ. ಆಕಾಶದ ಲೆಕ್ಕದಲ್ಲಿ ಇದರಿಂದ ಏನೂ ಆಗುವುದಿಲ್ಲ. ನೆಲದ ಮೇಲೆ ಒಂದು ಗಂಟೆ ಹೋಗುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಎಷ್ಟೋ ದೂರದ ಲೆಕ್ಕಗಳು ಊರ ನಡುವಿನಿಂದ ಊರ ನಡುವಿಗೆ ಅಳೆದವು. ಎರಡು ಕಡೆ ಎರಡು ಉತ್ತರ ಸಿಕ್ಕಿದರೆ ಮೊದಲು ಇದನ್ನೇ ಅನುಮಾನಿಸಿ.

ಮೈನಸ್ ಚಿಹ್ನೆ ಮರೆತು ನಾನು ಕಿರ್ಗಿಸ್ತಾನಕ್ಕೆ ಹೋದದ್ದು

ದೂರ ಲೆಕ್ಕ ಹಾಕಲು ಎರಡೂ ಏರ್‌ಪೋರ್ಟ್‌ಗಳ ಅಕ್ಷಾಂಶ, ರೇಖಾಂಶ ಬೇಕು. ಫೋನಿನ ಮ್ಯಾಪಿನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದರೆ ಬರುತ್ತದೆ. ಎರಡು ಎಚ್ಚರಿಕೆ.

ಮೊದಲನೆಯದು, ಡಿಗ್ರಿ-ನಿಮಿಷದಲ್ಲಿ ಕೊಟ್ಟಿದ್ದರೆ ದಶಾಂಶಕ್ಕೆ ಬದಲಾಯಿಸಿ. 51 ಡಿಗ್ರಿ 28 ನಿಮಿಷ ಅಂದರೆ 51.28 ಅಲ್ಲ. 28ನ್ನು 60ರಿಂದ ಭಾಗಿಸಬೇಕು, ಆಗ 51.47 ಬರುತ್ತದೆ. ಈ ತಪ್ಪಿನ ಬೆಲೆ ಸುಮಾರು 20 ಕಿ.ಮೀ. ಸಣ್ಣ ತಪ್ಪು, ಹಾಗಾಗಿ ಕಣ್ಣಿಗೆ ಬೀಳುವುದೂ ಇಲ್ಲ.

ಎರಡನೆಯದು ಚಿಹ್ನೆ. ಉತ್ತರ ಮತ್ತು ಪೂರ್ವಕ್ಕೆ ಪ್ಲಸ್, ದಕ್ಷಿಣ ಮತ್ತು ಪಶ್ಚಿಮಕ್ಕೆ ಮೈನಸ್. ನಾನು ಮೊದಲ ಸಲ ಸ್ಪ್ರೆಡ್‌ಶೀಟ್ ಮಾಡಿದಾಗ ಪರೀಕ್ಷೆಗೆ ಹೀತ್ರೂ ಮತ್ತು ನ್ಯೂಯಾರ್ಕಿನ ಜೆಎಫ್‌ಕೆ ತೆಗೆದುಕೊಂಡಿದ್ದೆ. ಜೆಎಫ್‌ಕೆಯ ರೇಖಾಂಶಕ್ಕೆ ಮೈನಸ್ ಹಾಕುವುದು ಮರೆತೆ. ಉತ್ತರ 5,600 ಕಿ.ಮೀ. ಬಂತು. ನಿಜವಾದ ಉತ್ತರ 5,540ರ ಹತ್ತಿರ. "ಪರವಾಗಿಲ್ಲ, ಹೆಚ್ಚು ಕಡಿಮೆ ಸರಿ ಇದೆ" ಅಂತ ಬೀಗಿ ಶೀಟನ್ನು ಬಳಸಲು ಶುರು ಮಾಡಿದೆ. ಮುಂದಿನ ವಾರ ಟೋಕಿಯೋದಿಂದ ಲಾಸ್ ಏಂಜಲೀಸ್‌ಗೆ ಹಾಕಿದರೆ 2,000 ಕಿ.ಮೀ.ಗಿಂತ ಕಡಿಮೆ ಬಂತು! ಇಡೀ ಪೆಸಿಫಿಕ್ ಸಾಗರ ಎಲ್ಲಿ ಹೋಯಿತು? ಆಮೇಲೆ ನೋಡಿದರೆ ಎರಡು ಸಲವೂ ಮೈನಸ್ ಇಲ್ಲ. ಮೈನಸ್ ಇಲ್ಲದ ಲಾಸ್ ಏಂಜಲೀಸ್ ಪೂರ್ವ ಚೀನಾದಲ್ಲಿ ಬೀಳುತ್ತದೆ. ಮೈನಸ್ ಇಲ್ಲದ ಜೆಎಫ್‌ಕೆ ಕಿರ್ಗಿಸ್ತಾನದ ಬೆಟ್ಟಗಳಲ್ಲಿ. ಹೀತ್ರೂ ಸೊನ್ನೆ ರೇಖಾಂಶದ ಪಕ್ಕದಲ್ಲೇ ಇರುವುದರಿಂದ ಎಡಕ್ಕೆ ಹೋದರೂ ಬಲಕ್ಕೆ ಹೋದರೂ ದೂರ ಸರಿಸುಮಾರು ಒಂದೇ. ಅದಕ್ಕೇ ತಪ್ಪು ಬಚಾವಾಯಿತು. ಅಂದಿನಿಂದ ಹೊಸ ಶೀಟನ್ನು ಹೀತ್ರೂ ಇಟ್ಟುಕೊಂಡು ಪರೀಕ್ಷಿಸುವುದಿಲ್ಲ.

ಲೆಕ್ಕ ಹೀಗೆ

ಸೂತ್ರ ಹೈಸ್ಕೂಲಿನ ತ್ರಿಕೋನಮಿತಿ ಮರೆತವರಿಗೂ ನಿಲುಕುತ್ತದೆ. ಎರಡು ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ. ಅದನ್ನು ಪಕ್ಕಕ್ಕಿಡಿ. ಆಮೇಲೆ ಎರಡು ಅಕ್ಷಾಂಶಗಳ ಕೊಸೈನ್ ತೆಗೆದು ಗುಣಿಸಿ, ಅದಕ್ಕೆ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಿ. ಎರಡನ್ನೂ ಕೂಡಿಸಿ. ಬಂದ ಸಂಖ್ಯೆ ಯಾವ ಕೋನದ ಕೊಸೈನ್ ಅಂತ ಕ್ಯಾಲ್ಕ್ಯುಲೇಟರ್‌ನ ವಿಲೋಮ ಕೊಸೈನ್ ಗುಂಡಿ ಒತ್ತಿ ಕೇಳಿ. ಸಿಕ್ಕಿದ ಡಿಗ್ರಿಯನ್ನು 111.195ರಿಂದ ಗುಣಿಸಿದರೆ ಕಿ.ಮೀ.

ಹೀತ್ರೂ: ಅಕ್ಷಾಂಶ 51.47, ರೇಖಾಂಶ ಮೈನಸ್ 0.4543. ಜೆಎಫ್‌ಕೆ: 40.6413 ಮತ್ತು ಮೈನಸ್ 73.7781. ಸೈನ್‌ಗಳು 0.78228 ಮತ್ತು 0.65132, ಗುಣಿಸಿದರೆ 0.50952. ಕೊಸೈನ್‌ಗಳು 0.62292 ಮತ್ತು 0.75880. ರೇಖಾಂಶಗಳ ವ್ಯತ್ಯಾಸ 73.3238 ಡಿಗ್ರಿ, ಅದರ ಕೊಸೈನ್ 0.28696. ಮೂರನ್ನೂ ಗುಣಿಸಿದರೆ 0.13564. ಒಟ್ಟು 0.64516. ಇದರ ಕೋನ 49.82 ಡಿಗ್ರಿ. ಅಲ್ಲಿಗೆ ಸುಮಾರು 5,540 ಕಿ.ಮೀ.

111.195 ಎಲ್ಲಿಂದ ಬಂತು ಅಂತ ಕೇಳಿದರೆ: ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಹಿಡಿದು ಸುತ್ತಳತೆ ತೆಗೆದು 360ರಿಂದ ಭಾಗಿಸಿದ್ದು. ಡಿಗ್ರಿಯನ್ನು 60ರಿಂದ ಗುಣಿಸಿದರೆ ನಾಟಿಕಲ್ ಮೈಲಿ ಬರುತ್ತದೆ. ಪೈಲಟ್‌ಗಳು ಬಳಸುವುದು ಅದನ್ನೇ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಮಾಮೂಲಿ ಮೈಲಿ 1.609. ದೂರವನ್ನು ಮೈಲಿಯಲ್ಲಿ ಕೊಟ್ಟಿದ್ದರೆ ಯಾವ ಮೈಲಿ ಅಂತ ಕೇಳಿ, ಇಲ್ಲದಿದ್ದರೆ ಲೆಕ್ಕ ಶೇಕಡ 15ರಷ್ಟು ಹಳಿ ತಪ್ಪುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಮಾಡುವವರಿಗೆ ಒಂದು ಮಾತು. ಅದಕ್ಕೆ ಡಿಗ್ರಿ ಗೊತ್ತಿಲ್ಲ, ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಮಾತ್ರ ಗೊತ್ತು. ಪ್ರತಿ ಕೋನವನ್ನೂ ಮೊದಲು ರೇಡಿಯನ್‌ಗೆ ಬದಲಾಯಿಸಿ ಕೊಡಬೇಕು, ಕೊನೆಗೆ ಬಂದ ಕೋನವನ್ನು ತಿರುಗಿ ಡಿಗ್ರಿಗೆ ತರಬೇಕು. ಹಾಗೇ ಕೊಟ್ಟರೂ ಅದು ಜಗಳವಾಡದೆ ಏನೋ ಒಂದು ಉತ್ತರ ಕೊಟ್ಟುಬಿಡುತ್ತದೆ, ಅದೇ ಕಷ್ಟ. ಉತ್ತರ 20,000 ಕಿ.ಮೀ. ದಾಟಿದರೆ ಮಾತ್ರ ಕಣ್ಣುಮುಚ್ಚಿ ತಪ್ಪು ಅನ್ನಬಹುದು. ಭೂಮಿಯ ಮೇಲಿನ ಯಾವ ಎರಡು ಜಾಗಗಳೂ ಸುತ್ತಳತೆಯ ಅರ್ಧಕ್ಕಿಂತ ದೂರ ಇರಲಾರವು, ಅಲ್ವಾ.

ಇಷ್ಟೆಲ್ಲ ಬೇಡ ಅನ್ನುವವರು ಒಂದು ಗ್ಲೋಬ್ ಮತ್ತು ದಾರ ತಗೊಳ್ಳಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆಯಿರಿ. ಆ ದಾರವನ್ನು ಹಾಗೇ ಭೂಮಧ್ಯರೇಖೆಯ ಮೇಲಿಟ್ಟು ಎಷ್ಟು ಡಿಗ್ರಿ ಹಿಡಿಯಿತು ನೋಡಿ, 111ರಿಂದ ಗುಣಿಸಿ. ಮೇಜಿನ ಮೇಲಿನ ಸಣ್ಣ ಗ್ಲೋಬಿನಲ್ಲೂ ನನಗೆ ನೂರಿನ್ನೂರು ಕಿ.ಮೀ. ಹತ್ತಿರಕ್ಕೆ ಬಂದಿದೆ. ಬಿಗಿಯಾದ ಆ ದಾರಕ್ಕೇ ಮಹಾವೃತ್ತದ ದಾರಿ ಅನ್ನುತ್ತಾರೆ. ಗೋಳದ ಮೇಲೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ. ಹೀತ್ರೂವಿನಿಂದ ನ್ಯೂಯಾರ್ಕಿಗೆ ಎಳೆದು ನೋಡಿ, ತಮಾಷೆ ಇದೆ. ನ್ಯೂಯಾರ್ಕ್ ಲಂಡನ್ನಿಗಿಂತ 11 ಡಿಗ್ರಿ ದಕ್ಷಿಣಕ್ಕಿದೆ. ಆದರೂ ದಾರ ಹೊರಡುವುದು ಪಶ್ಚಿಮದಿಂದ ಸ್ವಲ್ಪ ಉತ್ತರಕ್ಕೆ ತಿರುಗಿಕೊಂಡು.

ಗೋಡೆಯ ಮೇಲಿನ ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯುವುದು ಮಾತ್ರ ಬೇಡ. ಸುಮ್ನೆ ಕುತೂಹಲಕ್ಕೆ ಭೂಮಿ ಚಪ್ಪಟೆ ಅಂದುಕೊಂಡು, ನಡುವಿನ ಅಕ್ಷಾಂಶ ಹಿಡಿದು, ಪೈಥಾಗೊರಸನ ಲೆಕ್ಕದಲ್ಲಿ ಇದೇ ದೂರ ತೆಗೆದೆ. 5,784 ಬಂತು. 244 ಕಿ.ಮೀ. ಜಾಸ್ತಿ. ನಾಲ್ಕೈದು ನೂರು ಕಿ.ಮೀ. ಒಳಗಿನ ದೂರಕ್ಕೆ ಈ ಚಪ್ಪಟೆ ಲೆಕ್ಕ ಸಾಕು. ಸಾಗರ ದಾಟುವುದಕ್ಕೆ ಸಾಲದು.

ಕೆಲವು ಕಡೆ 5,540ರ ಬದಲು 5,555 ಅಂತ ಇರುತ್ತದೆ. ಅವರು ಭೂಮಿಯನ್ನು ಧ್ರುವಗಳ ಹತ್ತಿರ ಚೂರು ತಟ್ಟಿದ ಗೋಳ ಅಂತ ಹಿಡಿದಿದ್ದಾರೆ. ನಿಜ ಅದೇ. ವ್ಯತ್ಯಾಸ ಶೇಕಡ ಅರ್ಧಕ್ಕಿಂತ ಕಡಿಮೆ, ಜಗಳ ಆಡುವಷ್ಟಿಲ್ಲ. "ವಿಮಾನ 11 ಕಿ.ಮೀ. ಮೇಲೆ ಹಾರುತ್ತದಲ್ಲ, ಅಲ್ಲಿ ವೃತ್ತ ದೊಡ್ಡದಾಗುವುದಿಲ್ಲವೇ?" ಅಂತ ಒಬ್ಬರು ಕೇಳಿದ್ದರು. ಒಳ್ಳೆ ಪ್ರಶ್ನೆ. ಆಗುತ್ತದೆ, ಇಡೀ ದಾರಿಗೆ ಸೇರಿ 10 ಕಿ.ಮೀ. ಕೂಡ ಇಲ್ಲ.

ವಿಮಾನ ದಾರದ ಮೇಲೆ ಹೋಗುವುದಿಲ್ಲ

ಬಿಗಿ ದಾರದ ದೂರ ಅಂದರೆ ಅದಕ್ಕಿಂತ ಕಡಿಮೆ ಹಾರಲಾಗದು ಅಂತ ಅಷ್ಟೇ. ಎಷ್ಟು ಜಾಸ್ತಿ ಹಾರುತ್ತಾರೆ ಅನ್ನುವುದು ಬೇರೆ ವಿಷಯ. ರನ್‌ವೇ ಎತ್ತ ಮುಖ ಮಾಡಿದೆಯೋ ಅತ್ತ ಏರಬೇಕು, ಆಮೇಲೆ ತಿರುಗಬೇಕು. ಇಳಿಯುವ ಕಡೆ ಸಾಲಿನಲ್ಲಿ ಕಾಯಬೇಕು. ಉತ್ತರ ಅಟ್ಲಾಂಟಿಕ್ ಮೇಲೆ ಅವತ್ತಿನ ಗಾಳಿ ನೋಡಿ ದಿನಕ್ಕೆ ಎರಡು ಸಲ ದಾರಿಗಳ ಒಂದು ಕಂತೆ ಪ್ರಕಟಿಸುತ್ತಾರೆ. ಹಗಲಿನದು ಪಶ್ಚಿಮಕ್ಕೆ ಹೋಗುವವರಿಗೆ, ರಾತ್ರಿಯದು ಪೂರ್ವಕ್ಕೆ ಹೋಗುವವರಿಗೆ. ಹಾಗಾಗಿ ನಿನ್ನೆ ಹೋದ ದಾರಿಯಲ್ಲೇ ಇವತ್ತೂ ಹೋಗುತ್ತಾರೆ ಅಂತಿಲ್ಲ.

ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನಗಳು ಕಡಿಮೆ ಯಾಕೆ ಅಂತ ಟ್ರ್ಯಾಕಿಂಗ್ ಆಪ್ ನೋಡುವವರು ಕೇಳುತ್ತಾರೆ. ವಿಮಾನದೊಳಗಿನ ಗಾಳಿಯ ಒತ್ತಡ ತಪ್ಪಿದರೆ, ಎಲ್ಲರೂ ಉಸಿರಾಡುವಂತಾಗಲು ಪೈಲಟ್ ಬೇಗ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಎಲ್ಲಿಗೆ ಇಳಿಯುವುದು? ಅದಕ್ಕೇ ಹೆಚ್ಚಿನವರು ಬಳಸಿಕೊಂಡು ಹೋಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಸುತ್ತು ಮುಚ್ಚಿದ ಆಕಾಶದ್ದು. ಹೆಲ್ಸಿಂಕಿಯಿಂದ ಟೋಕಿಯೋಗೆ ನೇರ ದೂರ ಸುಮಾರು 7,800 ಕಿ.ಮೀ. ದಾರ ರಷ್ಯಾದ ಮೇಲೇ ಹಾಯುತ್ತದೆ. 2022ರ ಫೆಬ್ರವರಿಯ ಕೊನೆಯಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ವಿಮಾನಗಳಿಗೆ ಆ ಆಕಾಶ ಮುಚ್ಚಿತು. ಮೊದಲು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪ್ರಯಾಣ 13 ಗಂಟೆಗೆ ಏರಿತು. ನನ್ನ ಶೀಟು ಮಾತ್ರ ಇವತ್ತಿಗೂ 7,800 ಅನ್ನುತ್ತದೆ. ಅದರ ತಪ್ಪಲ್ಲ, ಏರ್‌ಪೋರ್ಟ್‌ಗಳು ಜಾಗ ಬದಲಿಸಿಲ್ಲವಲ್ಲ. ಇಂಥ ಕಡೆ ದೂರದಿಂದ ಸಮಯ ತೆಗೆಯಲು ಹೋಗಬೇಡಿ. ನೇರವಾಗಿ ವೇಳಾಪಟ್ಟಿ ನೋಡಿ.

ಇನ್ನು ಸಮಯ

ಅಂದಾಜಿಗೆ ನಾನು ಬಳಸುವ ಲೆಕ್ಕ ಒಂದೇ ಸಾಲಿನದು: ದೂರವನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ಏರುವಾಗ, ಇಳಿಯುವಾಗ ವಿಮಾನ ನಿಧಾನ. ಆ ಅರ್ಧ ಗಂಟೆ ಅದಕ್ಕೆ. ಹೀತ್ರೂ-ಜೆಎಫ್‌ಕೆಗೆ 6.9 ಮತ್ತು 0.5 ಸೇರಿ ಏಳು ಗಂಟೆ 25 ನಿಮಿಷ. ತೀರಾ ದೂರದ, ದೊಡ್ಡ ವಿಮಾನಗಳ ಪ್ರಯಾಣಕ್ಕೆ 800ರ ಬದಲು 850 ಹಿಡಿಯಿರಿ. ಸಿಂಗಪುರದಿಂದ ಜೆಎಫ್‌ಕೆಗೆ ಸುಮಾರು 15,350 ಕಿ.ಮೀ. 850ರಿಂದ ಭಾಗಿಸಿ ಅರ್ಧ ಗಂಟೆ ಕೂಡಿಸಿದರೆ ಹದಿನೆಂಟೂವರೆ ಗಂಟೆ. ನಿಜವಾದ ಹಾರಾಟವೂ ಅದರ ಆಸುಪಾಸೇ.

ವೇಗ ಹೀಗೆ ಬದಲಾಗುವುದಕ್ಕೆ ಕಾರಣ ವಿಮಾನದ ಜಾತಿ. ಎತ್ತರದಲ್ಲಿ ಗಾಳಿ ಮೈನಸ್ 56 ಡಿಗ್ರಿಯಷ್ಟು ತಣ್ಣಗಿರುತ್ತದೆ, ಅಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಬೋಯಿಂಗ್ 787, ಏರ್‌ಬಸ್ ಎ350 ಅದರ ಶೇಕಡ 85ರಲ್ಲಿ ಹೋಗುತ್ತವೆ, ಅಂದರೆ 900. ಏರ್‌ಬಸ್ ಎ320, ಬೋಯಿಂಗ್ 737 ಥರದವು ಶೇಕಡ 78ರಲ್ಲಿ, ಅಂದರೆ 830. ಫ್ಯಾನಿನಂಥ ಪ್ರೊಪೆಲ್ಲರ್ ಇರುವ ಎಟಿಆರ್ 72 ಆದರೆ 500ರ ಹತ್ತಿರ. ಟಿಕೆಟಿನಲ್ಲಿ ಎಟಿಆರ್ ಅಂತ ಕಂಡರೆ 800ರ ಲೆಕ್ಕ ಬಿಟ್ಟು 450ರಿಂದ ಭಾಗಿಸಿ.

ಈಗ ಗಾಳಿ. ಹೋಗುವಾಗ ಒಂದು ಸಮಯ, ಬರುವಾಗ ಇನ್ನೊಂದು ಸಮಯ ಯಾಕೆ? "ಭೂಮಿ ಕೆಳಗೆ ತಿರುಗುತ್ತಲ್ಲ, ಅದಕ್ಕೆ" ಅನ್ನುವ ಉತ್ತರ ನಾನು ನೂರು ಸಲ ಕೇಳಿದ್ದೇನೆ. ಅದು ನಿಜವಾಗಿದ್ದರೆ ಪಶ್ಚಿಮಕ್ಕೆ ಹೋಗುವವರೇ ಬೇಗ ತಲುಪಬೇಕಿತ್ತು. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ, ವಿಮಾನ ಆ ಗಾಳಿಯೊಳಗೆ ಇದೆ. ನಿಜವಾದ ಕಾರಣ ಜೆಟ್ ಸ್ಟ್ರೀಮ್. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ಗಾಳಿಯ ನದಿ ಅದು. ಚಳಿಗಾಲದಲ್ಲಿ ಜೋರು. ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವೇನಲ್ಲ. 2020ರ ಫೆಬ್ರವರಿ 9ರಂದು ಸಿಯಾರಾ ಬಿರುಗಾಳಿ ಬೀಸುತ್ತಿದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಬಂತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗಂತ ಅದು ಶಬ್ದದ ವೇಗ ಮೀರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಮಾಮೂಲಿ ವೇಗದಲ್ಲೇ ಇತ್ತು, ಗಾಳಿಯೇ ಹೊತ್ತು ತಂದಿತ್ತು. ಶಬ್ದ ಮೀರಿ ಹಾರಿದ್ದು ಕಾಂಕಾರ್ಡ್. ಅದು 1996ರ ಫೆಬ್ರವರಿ 7ರಂದು ಇದೇ ದಾರಿಯನ್ನು 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲಿ ಮುಗಿಸಿತ್ತು.

"ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತಲ್ಲ, ಸರಿಹೋಯಿತು" ಅಂತ ಹೇಳುವವರಿದ್ದಾರೆ. ಸರಿಹೋಗುವುದಿಲ್ಲ. 900ರ ವೇಗ, 100ರ ಗಾಳಿ ಅಂತಿಟ್ಟುಕೊಳ್ಳಿ. ಒಂದು ಕಡೆ 1,000ದಲ್ಲಿ, ಇನ್ನೊಂದು ಕಡೆ 800ರಲ್ಲಿ. 5,540 ಕಿ.ಮೀ.ಗೆ ಎರಡೂ ಸೇರಿ 12 ಗಂಟೆ 28 ನಿಮಿಷ. ಗಾಳಿಯೇ ಇಲ್ಲದಿದ್ದರೆ 12 ಗಂಟೆ 19 ನಿಮಿಷ. ನಿಧಾನದ ವೇಗದಲ್ಲಿ ಜಾಸ್ತಿ ಹೊತ್ತು ಇರುತ್ತೇವೆ, ಅದಕ್ಕೆ ಒಂಬತ್ತು ನಿಮಿಷ ನಷ್ಟ. ಈ ಲೆಕ್ಕ ಮೊದಲ ಸಲ ಹಾಕಿದ ದಿನ ನನಗೆ ಬಹಳ ಖುಷಿಯಾಗಿತ್ತು, ಪಕ್ಕದ ಮೇಜಿನವರಿಗೆ ಆಗಲಿಲ್ಲ.

ಇದುವರೆಗೆ ಹೇಳಿದ್ದು ಆಕಾಶದ ಗಂಟೆ. ಟಿಕೆಟಿನಲ್ಲಿರುವುದು ಗೇಟಿನಿಂದ ಗೇಟಿನ ಗಂಟೆ, ಬ್ಲಾಕ್ ಟೈಮ್ ಅನ್ನುತ್ತಾರೆ. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಗೇಟಿಗೆ ಬರುವುದು ಎಲ್ಲ ಇದರಲ್ಲಿ ಸೇರುತ್ತವೆ. ದೊಡ್ಡ ಏರ್‌ಪೋರ್ಟ್‌ಗಳಲ್ಲಿ ಎರಡೂ ಕಡೆ ಸೇರಿ ಅರ್ಧದಿಂದ ಮುಕ್ಕಾಲು ಗಂಟೆ ಸುಲಭವಾಗಿ ಹೋಗುತ್ತದೆ. ಅದರ ಮೇಲೆ ಕಂಪನಿಗಳು ಒಂದಷ್ಟು ನಿಮಿಷ ಮುಂಜಾಗ್ರತೆಗೆ ತುಂಬಿಸುತ್ತವೆ. "ನಮ್ಮ ವಿಮಾನ 20 ನಿಮಿಷ ಬೇಗ ತಲುಪಿದೆ" ಅಂತ ಪೈಲಟ್ ಹೆಮ್ಮೆಯಿಂದ ಹೇಳುತ್ತಾರಲ್ಲ, ಅರ್ಧ ಸಲ ಅದು ಈ ತುಂಬಿಸಿದ ನಿಮಿಷಗಳ ಪುಣ್ಯ.

ಹಾಗಾಗಿ ಮುಖ್ಯವಾದ ಪ್ರಯಾಣಕ್ಕೆ ನಾನು ಸೂತ್ರವನ್ನೂ ನಂಬುವುದಿಲ್ಲ, ಟಿಕೆಟನ್ನೂ ಪೂರ್ತಿ ನಂಬುವುದಿಲ್ಲ. ಫ್ಲೈಟ್‌ರಡಾರ್24 ಅಥವಾ ಫ್ಲೈಟ್‌ಅವೇರ್ ಅನ್ನುವ ಟ್ರ್ಯಾಕಿಂಗ್ ಆಪ್ ತೆಗೆದು, ಆ ವಿಮಾನದ ಸಂಖ್ಯೆ ಹಾಕಿ, ಕಳೆದ ಏಳು ದಿನ ನಿಜಕ್ಕೂ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಇಳಿಯಿತು ಬರೆದುಕೊಳ್ಳುತ್ತೇನೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಾಲ್ಕನೆಯದನ್ನು ಆರಿಸುತ್ತೇನೆ. ಸರಾಸರಿ ತೆಗೆಯುವುದಿಲ್ಲ. ಒಂದು ದಿನ ಐದು ಗಂಟೆ ತಡವಾಗಿದ್ದರೆ ಸರಾಸರಿ ಕೆಟ್ಟುಹೋಗುತ್ತದೆ, ನಡುವಿನದು ಕೆಡುವುದಿಲ್ಲ.

ಗಡಿಯಾರದ ಗಂಟೆ

ಇಲ್ಲಿ ಒಂದೇ ನಿಯಮ. ಎರಡೂ ಸಮಯಗಳನ್ನು ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆಗಿರುವ ಗಡಿಯಾರಕ್ಕೆ, ಬದಲಾಯಿಸಿ, ಆಮೇಲೆ ಕಳೆಯಿರಿ. ಮನಸ್ಸಿನಲ್ಲೇ ಕೂಡಿಸಿ ಕಳೆಯಲು ಹೋಗಬೇಡಿ. ಟೋಕಿಯೋದಿಂದ ಚಳಿಗಾಲದ ಒಂದು ಸಂಜೆ 5ಕ್ಕೆ ಹೊರಟು 10 ಗಂಟೆ ಹಾರಿದಿರಿ ಅನ್ನಿ. ಟೋಕಿಯೋ ಯುಟಿಸಿಗಿಂತ 9 ಗಂಟೆ ಮುಂದೆ, ಅಂದರೆ ಹೊರಟದ್ದು ಯುಟಿಸಿ ಬೆಳಗ್ಗೆ 8ಕ್ಕೆ. ತಲುಪಿದ್ದು ಯುಟಿಸಿ ಸಂಜೆ 6ಕ್ಕೆ. ಲಾಸ್ ಏಂಜಲೀಸ್ ಚಳಿಗಾಲದಲ್ಲಿ 8 ಗಂಟೆ ಹಿಂದೆ. ಅಲ್ಲಿಗೆ ಇಳಿದದ್ದು ಬೆಳಗ್ಗೆ 10ಕ್ಕೆ, ಅದೂ ಅದೇ ತಾರೀಖು. ಹೊರಡುವುದಕ್ಕಿಂತ ಏಳು ಗಂಟೆ ಮೊದಲೇ ತಲುಪಿದ ಹಾಗೆ ಟಿಕೆಟಿನಲ್ಲಿ ಕಾಣುತ್ತದೆ. ಇದನ್ನು ನೋಡಿ ಅಚ್ಚಿನ ತಪ್ಪು ಅಂತ ನನಗೆ ಫೋನ್ ಮಾಡಿದವರಿದ್ದಾರೆ. ತಿರುಗಿ ಬರುವಾಗ ಒಂದು ದಿನ ಮಾಯವಾಗುತ್ತದೆ. ಟಿಕೆಟಿನ ಮೂಲೆಯಲ್ಲಿ ಸಣ್ಣದಾಗಿ 'ಪ್ಲಸ್ 1' ಅಂತ ಇರುತ್ತದೆ. ಹೋಟೆಲ್ ಬುಕ್ ಮಾಡುವ ಮೊದಲು ಅದನ್ನು ನೋಡಿ.

ಎಲ್ಲ ದೇಶಗಳ ವ್ಯತ್ಯಾಸ ಪೂರ್ತಿ ಗಂಟೆಗಳಲ್ಲಿ ಇರುವುದಿಲ್ಲ. ಭಾರತ ಐದೂವರೆ, ನೇಪಾಳ ಐದೂಮುಕ್ಕಾಲು. ಇವು ಹೇಗೂ ಬದಲಾಗುವುದಿಲ್ಲ, ಒಂದು ಸಲ ಬರೆದಿಟ್ಟುಕೊಂಡರೆ ಮುಗಿಯಿತು. ನಿಜವಾದ ತಲೆನೋವು ಬೇಸಿಗೆ ಸಮಯ.

ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ನಡುವೆ ಎರಡು ಮೂರು ವಾರ ಲಂಡನ್ ಮತ್ತು ನ್ಯೂಯಾರ್ಕ್ ನಡುವೆ 5 ಗಂಟೆಯ ಬದಲು 4 ಗಂಟೆಯ ಅಂತರ. ಆ ವಾರಗಳಲ್ಲಿ ಒಮ್ಮೆ ನಮ್ಮ ಮ್ಯಾನೇಜರ್ ಟಿಕೆಟ್ ಹಿಡಿದುಕೊಂಡು ಬಂದರು. ಲಂಡನ್ ಬಿಡುವುದು 11ಕ್ಕೆ, ನ್ಯೂಯಾರ್ಕ್ ಸೇರುವುದು ಮಧ್ಯಾಹ್ನ 3ಕ್ಕೆ. "ನಾಲ್ಕಕ್ಕೆ ಐದು ಸೇರಿಸಿದರೆ ಒಂಬತ್ತು. ಹೋದ ಸಲ ಎಂಟೇ ಇತ್ತಲ್ಲ?" ಅಂದರು. ನಾನು ಒಂದು ಕ್ಷಣವೂ ಯೋಚಿಸದೆ, ತುಂಬಾ ತಿಳಿದವರ ಹಾಗೆ, "ಎದುರುಗಾಳಿ ಸರ್" ಅಂದೆ. ಜೆಟ್ ಸ್ಟ್ರೀಮ್ ಬಗ್ಗೆ ಐದು ನಿಮಿಷ ವಿವರಿಸಿದೆ ಕೂಡ. ಅವರು ಅದನ್ನು ಮೀಟಿಂಗಿನಲ್ಲಿ ಹೇಳಿದರು. ಅಲ್ಲಿದ್ದ ಹೊಸ ಹುಡುಗಿಯೊಬ್ಬಳು ಮೆಲ್ಲಗೆ, "ಈ ವಾರ ವ್ಯತ್ಯಾಸ ನಾಲ್ಕೇ ಗಂಟೆ" ಅಂದಳಂತೆ. ಹಾರಾಟ ಎಂಟೇ ಗಂಟೆ ಇತ್ತು, ಗಾಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಕ್ಟೋಬರ್ ಕೊನೆಯಲ್ಲೂ ಇಂಥದೇ ಒಂದು ವಾರ ಬರುತ್ತದೆ. ಯುರೋಪ್ ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತದೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಈಗ ಎರಡನ್ನೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿರುತ್ತೇನೆ.

ನಡುವೆ ಇಳಿದು ಹತ್ತುವುದಿದ್ದರೆ

ಎರಡು ವಿಮಾನ ಬದಲಿಸುವ ಪ್ರಯಾಣಕ್ಕೆ ಪ್ರತಿ ತುಂಡನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು, ನಡುವೆ ಕಾಯುವ ಹೊತ್ತನ್ನೂ ಸೇರಿಸಬೇಕು. ಕಾಯುವ ಹೊತ್ತನ್ನು ಇಳಿದ ನಿಮಿಷದಿಂದ ಎಣಿಸಬೇಡಿ, ಗೇಟಿಗೆ ಬಂದು ಬಾಗಿಲು ತೆರೆದಾಗಿನಿಂದ ಎಣಿಸಿ. ಇದು ನನ್ನ ಹಠ ಮಾತ್ರ ಅಲ್ಲ. ವಿಮಾನ 'ತಲುಪಿತು' ಅಂದರೆ ಯಾವಾಗ ಅನ್ನುವ ಜಗಳ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದವರೆಗೆ ಹೋಗಿತ್ತು. ಕನಿಷ್ಠ ಒಂದು ಬಾಗಿಲು ತೆರೆದು, ಪ್ರಯಾಣಿಕರು ಇಳಿಯಬಹುದು ಅನ್ನುವ ಕ್ಷಣವೇ ತಲುಪಿದ ಸಮಯ ಅಂತ 2014ರಲ್ಲಿ ತೀರ್ಪಾಯಿತು.

ಹಾಗೇ ಮಹಾವೃತ್ತದ ದೂರಕ್ಕೂ ಕಾನೂನಿನಲ್ಲಿ ಜಾಗ ಇದೆ. ವಿಮಾನ ತಡವಾದರೆ ಅಥವಾ ರದ್ದಾದರೆ ಎಷ್ಟು ಪರಿಹಾರ ಅನ್ನುವುದನ್ನು ಒಕ್ಕೂಟದ 2004ರ 261ನೇ ನಿಯಮ ದೂರದ ಮೇಲೆ ಕಟ್ಟಿತು. 1,500 ಮತ್ತು 3,500 ಕಿ.ಮೀ. ಅದರಲ್ಲಿ ಹಾಕಿದ ಗಡಿಗಳು. ಅಳೆಯಬೇಕಾದದ್ದು ಮಹಾವೃತ್ತದ ದಾರಿಯಲ್ಲಿ ಅಂತ ನಿಯಮದಲ್ಲೇ ಬರೆದಿದೆ. ನಡುವೆ ಎಲ್ಲೋ ಇಳಿದು ಸುತ್ತಿ ಹೋದರೂ ಲೆಕ್ಕಕ್ಕೆ ಬರುವುದು ಮೊದಲ ಏರ್‌ಪೋರ್ಟಿನಿಂದ ಕೊನೆಯ ಏರ್‌ಪೋರ್ಟಿಗೆ ನೇರವಾಗಿ ಎಳೆದ ದಾರ ಮಾತ್ರ. ಇದೂ 2017ರಲ್ಲಿ ತೀರ್ಮಾನವಾಯಿತು. ನೀವು ಹಾರಿದ್ದು 4,000 ಕಿ.ಮೀ. ಆಗಿರಬಹುದು, ದಾರ 3,400 ಅಂದರೆ 3,400.

800ರ ಸೂತ್ರ ಸಣ್ಣ ದೂರಗಳಲ್ಲಿ ಸೋಲುತ್ತದೆ. 300 ಕಿ.ಮೀ.ಗೆ ಅದು 52 ನಿಮಿಷ ಅನ್ನುತ್ತದೆ, ಪರವಾಗಿಲ್ಲ. ಆದರೆ ಸ್ಕಾಟ್‌ಲೆಂಡಿನ ಆರ್ಕ್ನಿಯಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಅಂತ ಎರಡು ದ್ವೀಪಗಳಿವೆ. ನಡುವೆ 2.7 ಕಿ.ಮೀ. ದಿನವಹಿ ವಿಮಾನ ಓಡುವ ದಾರಿಗಳಲ್ಲಿ ಜಗತ್ತಿನಲ್ಲೇ ಗಿಡ್ಡದು ಇದೇ. ನನ್ನ ಶೀಟು ಇದಕ್ಕೆ ಅರ್ಧ ಗಂಟೆ ಬೇಕು ಅಂತ ಖಡಾಖಂಡಿತವಾಗಿ ಹೇಳುತ್ತದೆ. ವಿಮಾನ ಎರಡು ನಿಮಿಷದೊಳಗೆ ಇಳಿದಿರುತ್ತದೆ, ಗಾಳಿ ಒಳ್ಳೆಯದಿದ್ದ ಒಂದು ದಿನ 53 ಸೆಕೆಂಡಿನಲ್ಲೇ ಇಳಿದಿತ್ತು.